ಪಂಚಾಯಿತಿ ಗಾಡಿ, ಒಕ್ಕೂಟದ ದುಡಿಮೆ: ಹಳ್ಳಿಯ ಒಣಕಸ ಸೇವೆ ಹೇಗಿದೆ?

ಮೊದಲೇ ಅಂಕ ಹೇಳಿಬಿಡೋಣ. ಕಸ ಕೊಡುವ ಮನೆಯವರ ಲೆಕ್ಕದಲ್ಲಿ ಈ ಸೇವೆಗೆ ಐದಕ್ಕೆ ನಾಲ್ಕು. ಕಸ ಎತ್ತುವ ಹೆಂಗಸರ ಲೆಕ್ಕದಲ್ಲಿ ಐದಕ್ಕೆ ಎರಡೂವರೆ. ನಡುವಿನ ಒಂದೂವರೆ ಅಂಕ ಎಲ್ಲಿ ಸೋರಿಹೋಗುತ್ತದೆ ಎನ್ನುವುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

'ಸ್ವಚ್ಛ ವಾಹಿನಿ' ಎಂದು ಬರೆದ ಚಿಕ್ಕ ಗಾಡಿ, ಮೈಕಿನಲ್ಲಿ ಹಾಡು, ಸ್ಟೀರಿಂಗ್ ಹಿಡಿದವಳೂ ಹೆಂಗಸು, ಹಿಂದೆ ಚೀಲ ಎತ್ತುವವರೂ ಹೆಂಗಸರು. ಕರ್ನಾಟಕದ ಹಳ್ಳಿಗಳಿಗೆ ಇದು ಈಗ ಹೊಸ ನೋಟವಲ್ಲ. ಗಾಡಿಯೂ ಕಸ ಬೇರ್ಪಡಿಸುವ ಶೆಡ್ಡೂ ಗ್ರಾಮ ಪಂಚಾಯಿತಿಯವು. ಈ ಶೆಡ್ಡಿಗೆ ಸರ್ಕಾರಿ ಹೆಸರು 'ಸ್ವಚ್ಛ ಸಂಕೀರ್ಣ'. ಕೆಲಸ ನಡೆಸುವುದು ಮಾತ್ರ ಸಂಜೀವಿನಿ ಒಕ್ಕೂಟ, ಅಂದರೆ ಊರಿನ ಸ್ವಸಹಾಯ ಸಂಘಗಳೆಲ್ಲ ಸೇರಿ ಪಂಚಾಯಿತಿ ಮಟ್ಟದಲ್ಲಿ ಮಾಡಿಕೊಂಡ ಸಂಸ್ಥೆ. ಅದಕ್ಕೆ ತನ್ನದೇ ಬ್ಯಾಂಕ್ ಖಾತೆ ಇದೆ, ಲೆಕ್ಕ ಬರೆಯಲು ಎಂಬಿಕೆ (ಮುಖ್ಯ ಪುಸ್ತಕ ಬರಹಗಾರ್ತಿ) ಇದ್ದಾರೆ, ಅಧ್ಯಕ್ಷೆ ಇದ್ದಾರೆ. ಪಂಚಾಯಿತಿ ಪರವಾಗಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಒಕ್ಕೂಟದ ಪರವಾಗಿ ಅಧ್ಯಕ್ಷೆ ಒಡಂಬಡಿಕೆಗೆ ಸಹಿ ಹಾಕುತ್ತಾರೆ. ಗುತ್ತಿಗೆದಾರನ ಮಾತೇ ಇಲ್ಲ. ಏನಾದರೂ ಮಿಕ್ಕಿದರೆ ಅದು ಒಕ್ಕೂಟದ ಖಾತೆಯಲ್ಲೇ ಉಳಿಯಬೇಕು. ಮಿಗುತ್ತದೆಯೇ ಎನ್ನುವುದನ್ನು ಮುಂದೆ ನೋಡೋಣ.

ಮನೆಯವರ ಕಡೆಯಿಂದ ಶುರು ಮಾಡೋಣ. ಗಾಡಿ ಸಾಮಾನ್ಯವಾಗಿ ಒಂದು ಬೀದಿಗೆ ವಾರಕ್ಕೊಂದು ಅಥವಾ ಎರಡು ಸಲ ಬರುತ್ತದೆ. ಹಳ್ಳಿಗೆ ಅಷ್ಟು ಸಾಕು, ಏಕೆಂದರೆ ಹೆಚ್ಚಿನ ಕಡೆ ತೆಗೆದುಕೊಳ್ಳುವುದು ಒಣಕಸ ಮಾತ್ರ. ಹಸಿಕಸಕ್ಕೆ ತಿಪ್ಪೆ ಇದೆ, ದನ ಇದೆ, ತೆಂಗಿನ ಬುಡ ಇದೆ. ಪೇಟೆಯ ಅಭ್ಯಾಸ ತಂದವರು ಅನ್ನ ಸಾರನ್ನೂ ಅದೇ ಚೀಲಕ್ಕೆ ಸುರಿದಾಗ ಇಡೀ ಗಾಡಿಯ ಸರಕು ಕೆಡುತ್ತದೆ. ಒಂದು ಮನೆಯ ಸಾಂಬಾರು ಹತ್ತು ಮನೆಯ ರಟ್ಟನ್ನು ಹಾಳುಮಾಡಬಲ್ಲದು. ಎಣ್ಣೆ ಜಿಡ್ಡು ಹಿಡಿದ ರಟ್ಟನ್ನು ಗುಜರಿಯವನೂ ಮುಟ್ಟುವುದಿಲ್ಲ.

ಸರಿಯಾಗಿ ಕೊಡುವುದು ಹೇಗೆ? ಹಾಲಿನ ಪ್ಯಾಕೆಟ್ಟನ್ನೇ ತೆಗೆದುಕೊಳ್ಳಿ. ಮೂಲೆ ಕತ್ತರಿಸುವಾಗ ಆ ಚೂರನ್ನು ಪೂರ್ತಿ ಬೇರೆ ಮಾಡಬೇಡಿ, ಪ್ಯಾಕೆಟ್ಟಿಗೆ ಅಂಟಿಕೊಂಡೇ ಇರಲಿ. ಬೇರೆಯಾದ ಉಗುರಿನಷ್ಟು ಚೂರು ಚರಂಡಿಗೆ ಹೋಗುತ್ತದೆ, ಯಾರ ಕೈಗೂ ಸಿಗುವುದಿಲ್ಲ. ಹಾಲು ಬಗ್ಗಿಸಿಕೊಂಡ ಮೇಲೆ ಪ್ಯಾಕೆಟ್ಟಿಗೆ ಅರ್ಧ ಲೋಟ ನೀರು ಹಾಕಿ ಕುಲುಕಿ, ಆ ನೀರನ್ನು ಗಿಡಕ್ಕೋ ಕಾಫಿಗೋ ಬಳಸಿ, ಪ್ಯಾಕೆಟ್ಟನ್ನು ಬಟ್ಟೆ ಒಣಹಾಕುವ ಹಗ್ಗಕ್ಕೆ ಸಿಕ್ಕಿಸಿ. ಒಣಗಿದ ಮೇಲೆ ಚೀಲಕ್ಕೆ. ಮುನ್ನೂರು ನಾನೂರು ಪ್ಯಾಕೆಟ್ ಕೂಡಿದರೆ ಒಂದು ಕಿಲೋ ಆದೀತು. ಹೀಗೆ ತೊಳೆದು ಒಣಗಿಸಿದ್ದಕ್ಕೆ ಯಾವಾಗಲೂ ಗಿರಾಕಿ ಇದೆ. ತೊಳೆಯದೆ ಮುದುರಿ ಕಟ್ಟಿಟ್ಟದ್ದು ನಾಲ್ಕೇ ದಿನದಲ್ಲಿ ನಾರುತ್ತದೆ. ಶೆಡ್ಡಿನಲ್ಲಿ ಅದನ್ನು ಬಿಡಿಸುವ ಕೈ ಯಾರದು ಎಂದು ನೆನೆಸಿಕೊಂಡರೆ ಆ ಅರ್ಧ ಲೋಟ ನೀರು ದೊಡ್ಡದಲ್ಲ.

ಹಾಲಿನ ಪ್ಯಾಕೆಟ್ಟಿಗೆ ದೊಡ್ಡ ಶತ್ರು ಬಚ್ಚಲೊಲೆ. ಬೆಂಕಿ ಬೇಗ ಹತ್ತಲಿ ಎಂದು ಕಟ್ಟಿಗೆಯ ಕೆಳಗೆ ಎರಡು ಪ್ಯಾಕೆಟ್ ತುರುಕುವ ಅಭ್ಯಾಸ ಮಲೆನಾಡು, ಕರಾವಳಿಯ ಮನೆಗಳಲ್ಲಿ ಇನ್ನೂ ಇದೆ. ಹೊಗೆಯ ವಿಷಯ ಹಾಗಿರಲಿ, ಒಕ್ಕೂಟದ ಲೆಕ್ಕದಲ್ಲೂ ಇದು ನಷ್ಟ. ಬೆಲೆ ಬರುವ ಪ್ಲಾಸ್ಟಿಕ್ ಒಲೆ ಸೇರುತ್ತದೆ, ಚಿಪ್ಸ್ ಕವರು ಗಾಡಿಗೆ ಬರುತ್ತದೆ.

ಏಕೆಂದರೆ ಒಣಕಸ ಎಂದರೆ ಒಂದೇ ಜಾತಿಯ ವಸ್ತುವಲ್ಲ. ನೀರಿನ ಬಾಟಲಿ, ರಟ್ಟು, ಕಬ್ಬಿಣ, ಅಲ್ಯೂಮಿನಿಯಂ, ಶಾಂಪೂ ಡಬ್ಬಿ, ಒಡೆಯದ ಬಿಯರ್ ಬಾಟಲಿ ಇವೆಲ್ಲ ದುಡ್ಡು. ಬಿಸ್ಕತ್ತು, ಚಿಪ್ಸ್, ಗುಟ್ಕಾದ ಹೊಳೆಯುವ ಪೊಟ್ಟಣಗಳು ದುಡ್ಡಲ್ಲ. ಪದರದ ಮೇಲೆ ಪದರ ಅಂಟಿಸಿ ಮಾಡಿದ ಇವನ್ನು ಬಿಡಿಸಿ ಮತ್ತೆ ಬಳಸುವುದು ಲಾಭದ ಮಾತಲ್ಲ. ಕೊನೆಗೆ ಅವು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಹೋಗಬೇಕು, ಲಾರಿ ಬಾಡಿಗೆಯನ್ನು ಕಳಿಸುವವರೇ ಕೊಡಬೇಕಾಗಿ ಬರುವುದೂ ಉಂಟು. ಅಗ್ಗದ ಮದ್ಯದ 90, 180 ಮಿಲಿಯ ಟೆಟ್ರಾ ಪ್ಯಾಕ್‌ಗಳು ಇನ್ನೊಂದು ತಲೆನೋವು. ಮುಕ್ಕಾಲು ಪಾಲು ಕಾಗದ, ಉಳಿದದ್ದರಲ್ಲಿ ಹೆಚ್ಚಿನಂಶ ಪ್ಲಾಸ್ಟಿಕ್, ಒಂದಿಷ್ಟು ಅಲ್ಯೂಮಿನಿಯಂ. ಇದನ್ನು ಪುನರ್ಬಳಕೆ ಮಾಡುವ ಕಾರ್ಖಾನೆಗಳಿವೆ, ಆದರೆ ಚಪ್ಪಟೆ ಮಾಡಿ ಟನ್‌ಗಟ್ಟಲೆ ಕೂಡಿಸಿದರಷ್ಟೇ ಅವರು ಲಾರಿ ಕಳಿಸುತ್ತಾರೆ. ಒಂದೇ ಪಂಚಾಯಿತಿಯ ಶೆಡ್ಡಿನಲ್ಲಿ ಅಷ್ಟು ಸೇರುವ ಹೊತ್ತಿಗೆ ಮೂಲೆಯಲ್ಲಿ ಇಲಿ ಸಂಸಾರ ಹೂಡಿರುತ್ತದೆ.

ಮದುವೆ ಸೀಸನ್ನಿನ ಪೇಪರ್ ಲೋಟದ ಬಗ್ಗೆಯೂ ಒಂದು ಮಾತು. ಹೆಸರು ಪೇಪರ್, ಒಳಗೆ ಪ್ಲಾಸ್ಟಿಕ್ ಲೇಪ. ಪಾಯಸ ಮೆತ್ತಿಕೊಂಡ ಸಾವಿರ ಲೋಟಕ್ಕೆ ಮೂರು ಕಾಸಿನ ಬೆಲೆಯೂ ಇಲ್ಲ. ಕಲ್ಯಾಣ ಮಂಟಪದವರಿಂದಲೂ ಮನೆಗೆ ಹಾಕುವಷ್ಟೇ ಶುಲ್ಕ ತೆಗೆದುಕೊಳ್ಳುವುದು ಪಂಚಾಯಿತಿಗಳು ಸಾಮಾನ್ಯವಾಗಿ ಮಾಡುವ ತಪ್ಪು. ಅಲ್ಲಿ ಸಮಾರಂಭಕ್ಕೆ ಇಷ್ಟು, ಮಿಶ್ರ ಕಸವಾದರೆ ಅದರ ಎರಡರಷ್ಟು ಎಂಬ ದರ ಬೇಕು.

ಪ್ಯಾಡು, ಡೈಪರನ್ನು ಹಳೆ ಪೇಪರಿನಲ್ಲಿ ಸುತ್ತಿ, ಕಣ್ಣಿಗೆ ಕಾಣುವ ಗುರುತು ಹಾಕಿ, ಬೇರೆಯಾಗಿ ಕೊಡಿ. ಒಡೆದ ಗಾಜು, ಟ್ಯೂಬ್‌ಲೈಟು, ಬ್ಯಾಟರಿ ಕೂಡ ಬೇರೆ. ಒಣ ರಟ್ಟಿನ ರಾಶಿಯೊಳಗೆ ನಜ್ಜುಗುಜ್ಜಾದ ಮೊಬೈಲ್ ಬ್ಯಾಟರಿ ಸಿಕ್ಕಿಕೊಂಡರೆ ಶೆಡ್ಡಿಗೇ ಬೆಂಕಿ ಬೀಳಬಹುದು. ತೋಟಕ್ಕೆ ಹೊಡೆಯುವ ಔಷಧಿಯ ಬಾಟಲಿಯನ್ನಂತೂ ಈ ಚೀಲಕ್ಕೆ ಹಾಕಲೇಬಾರದು. ಸಂಜೆ ಬರಿಗೈಯಲ್ಲಿ ವಿಂಗಡಿಸುವವರಿಗೆ ಅದು ನೀರಿನ ಬಾಟಲಿಯೋ ಕೀಟನಾಶಕದ್ದೋ ಎಂದು ಮೂಸಿ ನೋಡಬೇಕಾದ ಗತಿ ಬರಬಾರದು.

ಇಷ್ಟು ಮಾಡಿದ ಮನೆಗೆ ಸಿಗುವ ಸೇವೆ ಒಳ್ಳೆಯದೇ. ಚಾಲಕಿ ಊರಿನವಳೇ ಆದ್ದರಿಂದ ಗಾಡಿ ಬರದ ದಿನ ಕೇಳಲು ಪರಿಚಯದ ಮುಖವಿದೆ. ಗುತ್ತಿಗೆಯ ಗಾಡಿಯಲ್ಲಿ ಈ ಅನುಕೂಲ ಇರುವುದಿಲ್ಲ.

ಇನ್ನು ಗಾಡಿ. ಸಡಿಲವಾಗಿ ತುಂಬಿದ ಒಣಕಸ ನೋಡಲು ಬೆಟ್ಟ, ತೂಗಿದರೆ ಹತ್ತಿ. ಚಿಕ್ಕ ಗಾಡಿ ಕಂಠಪೂರ್ತಿ ತುಂಬಿದರೂ ತೂಕ ನೂರೈವತ್ತು ಕಿಲೋ ದಾಟುವುದು ಅಪರೂಪ. ಹಾಗಾಗಿ ಬೇಕಾದದ್ದು ಎಂಜಿನ್ ಬಲ ಅಲ್ಲ, ಜಾಗ. ಬದಿಗೆ ಜಾಲರಿ ಎತ್ತರಿಸಿ, ಹಿಂದಿನ ಬಾಗಿಲು ಸೊಂಟದ ಮಟ್ಟಕ್ಕೆ ತೆರೆಯುವಂತಿದ್ದರೆ ಸಾಕು. ಪೇಟೆಗೆಂದು ಮಾಡಿದ, ಹಸಿಗೆ ಅರ್ಧ ಒಣಕ್ಕೆ ಅರ್ಧ ಪಾಲು ಮಾಡಿದ ಟಿಪ್ಪರನ್ನೇ ಹಳ್ಳಿಗೂ ಕೊಂಡರೆ ಹಸಿಯ ಅರ್ಧ ಖಾಲಿ ಓಡಾಡುತ್ತದೆ. ಒಣಕಸದ ಅರ್ಧ ಮೂರನೇ ಬೀದಿಗೇ ತುಂಬಿ, ಚೀಲವನ್ನು ತಲೆಯ ಮೇಲೆತ್ತಿ ಎಸೆಯಬೇಕಾಗುತ್ತದೆ. ದಿನಕ್ಕೆ ಇನ್ನೂರು ಸಲ ಹಾಗೆ ಎಸೆಯುವ ಭುಜದ ಕಥೆ ಖರೀದಿ ಕಡತದಲ್ಲಿ ಬರುವುದಿಲ್ಲ.

ಗಾಡಿ ನಿಂತುಹೋಗಲು ಮುಖ್ಯ ಕಾರಣ ಎಂಜಿನ್ ಅಲ್ಲ, ಕಾಗದಪತ್ರ. ನೋಂದಣಿ ಪಂಚಾಯಿತಿ ಹೆಸರಲ್ಲಿ, ಓಡಿಸುವುದು ಒಕ್ಕೂಟ. ಇನ್ಶೂರೆನ್ಸ್ ಮುಗಿಯುವ ತಾರೀಕು ಪಂಚಾಯಿತಿಯ ಬೀರುವಿನಲ್ಲಿ ಮಲಗಿರುತ್ತದೆ. ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ) ಮಾಡಿಸುವವರು ಯಾರು, ಟೈರು ಸವೆದರೆ ಬಿಲ್ಲು ಯಾರ ಹೆಸರಿಗೆ ಎಂಬುದು ಒಡಂಬಡಿಕೆಯಲ್ಲಿ ಬರೆದಿರದಿದ್ದರೆ ಗಾಡಿ ಶೆಡ್ಡಿನ ಮುಂದೆ ತಿಂಗಳಾನುಗಟ್ಟಲೆ ನಿಲ್ಲುತ್ತದೆ. ಊರಿನವರು ಬೈಯುವುದು ಮಾತ್ರ ಚಾಲಕಿಯನ್ನು.

ಈಗ ದುಡ್ಡಿನ ವಿಷಯ. ಸ್ವಚ್ಛ ಭಾರತ (ಗ್ರಾಮೀಣ) ಎರಡನೇ ಹಂತದಲ್ಲಿ ಘನತ್ಯಾಜ್ಯಕ್ಕೆ ಇಟ್ಟಿದ್ದ ಹಣ, 5,000 ಜನಸಂಖ್ಯೆಯವರೆಗಿನ ಹಳ್ಳಿಗೆ ತಲೆಗೆ 60 ರೂಪಾಯಿ, ಅದಕ್ಕಿಂತ ದೊಡ್ಡ ಹಳ್ಳಿಗೆ ತಲೆಗೆ 45. ನಾಲ್ಕು ಸಾವಿರ ಜನರಿರುವ ಊರಿಗೆ 2.4 ಲಕ್ಷ. ಒಂದು ಹೊಸ ಗಾಡಿಯ ಬೆಲೆಯೇ ಅದಕ್ಕಿಂತ ಹೆಚ್ಚು. ಹಾಗಾಗಿ ಶೆಡ್ಡಿಗೆ ನರೇಗಾ, ಗಾಡಿಗೆ 15ನೇ ಹಣಕಾಸು ಆಯೋಗದ ಅನುದಾನ ಎಂದು ನಾಲ್ಕು ಕಡೆಯಿಂದ ಹೊಂದಿಸಿದರು. ಇದೆಲ್ಲ ಕಟ್ಟುವ, ಕೊಳ್ಳುವ ಖರ್ಚು. ದಿನವೂ ಓಡಿಸುವ ಖರ್ಚಿಗೆ ಉಳಿಯುವುದು ಮೂರೇ ದಾರಿ: ಮನೆಯ ಶುಲ್ಕ, ಗುಜರಿ ಮಾರಾಟ, ಪಂಚಾಯಿತಿ ತುಂಬಿಕೊಡುವ ಕೊರತೆ.

ಲೆಕ್ಕಕ್ಕೆಂದು ಒಂದು ಊರನ್ನು ಊಹಿಸಿಕೊಳ್ಳಿ. 1,200 ಮನೆ, ತಿಂಗಳಿಗೆ 30 ರೂಪಾಯಿ ಶುಲ್ಕ. ಹತ್ತರಲ್ಲಿ ಆರು ಮನೆ ಕೊಟ್ಟರೆ 21,600. ಅರವತ್ತು ಅಂಗಡಿ, ಹೋಟೆಲಿನಿಂದ ನೂರರಂತೆ 6,000. ಮಾರಾಟವಾಗುವ ಸರಕು 600 ಕಿಲೋ, ಸರಾಸರಿ 8 ರೂಪಾಯಿಯಂತೆ 4,800. ಒಟ್ಟು ಆದಾಯ 32,400. ಖರ್ಚು? ಚಾಲಕಿಗೆ 10,000, ಇಬ್ಬರು ಸಹಾಯಕಿಯರಿಗೆ ತಲಾ 8,000, ಡೀಸೆಲ್ 5,500, ಗ್ಲೌಸು, ಸಾಬೂನು, ಸಣ್ಣ ರಿಪೇರಿಗೆ 2,500, ಇನ್ಶೂರೆನ್ಸಿಗೆಂದು ತೆಗೆದಿಡಲು 2,000. ಒಟ್ಟು 36,000. ಪೂರ್ತಿ ದಿನದ ಕೆಲಸವಾದರೆ ಈ ಸಂಬಳ ಕನಿಷ್ಠ ಕೂಲಿಯನ್ನೂ ಮುಟ್ಟುವುದಿಲ್ಲ ಎಂಬುದು ಬೇರೆ ಮಾತು. ಹಾಗಿದ್ದೂ ತಿಂಗಳಿಗೆ 3,600 ಕೊರತೆ.

ಇದು ಒಳ್ಳೆಯ ತಿಂಗಳು. ಜುಲೈನಲ್ಲಿ ಶುಲ್ಕ ಮತ್ತು ಅಂಗಡಿ ವಸೂಲಿ ಕಾಲುಭಾಗ ಇಳಿದು, ರಟ್ಟೆಲ್ಲ ನೆನೆದು ಮಾರಾಟ ಅರ್ಧವಾಯಿತು ಎನ್ನಿ. ಆದಾಯ 23,100, ಕೊರತೆ 12,900. ಚಾಲಕಿ ಅಥವಾ ಒಬ್ಬ ಸಹಾಯಕಿಯ ಸಂಬಳವೇ ಹೋಯಿತು. ಆ ಸಂಬಳ ಮುಂದಿನ ತಿಂಗಳಿಗೆ ಸರಿಯುತ್ತದೆ, ಆ ತಿಂಗಳದ್ದು ಅದರಾಚೆಗೆ, ಗಣೇಶ ಚೌತಿಯ ಹೊತ್ತಿಗೆ ಒಬ್ಬಳು ಗೇರುಬೀಜದ ಕಾರ್ಖಾನೆಗೋ ಗಾರ್ಮೆಂಟ್ಸಿಗೋ ಹೋಗಿಬಿಡುತ್ತಾಳೆ. 'ಒಕ್ಕೂಟದವರಿಗೆ ಆಸಕ್ತಿ ಇಲ್ಲ' ಎಂದು ಸಭೆಯಲ್ಲಿ ದಾಖಲಾಗುತ್ತದೆ.

ನಮ್ಮ ತಕರಾರು ಇರುವುದು ಇಲ್ಲೇ. 'ಸ್ವಾವಲಂಬಿ ಘಟಕ' ಎಂಬ ಮಾತು ಕೇಳಲು ಚೆಂದ. ಬೀದಿದೀಪ ಸ್ವಾವಲಂಬಿಯಾಗಲಿ ಎಂದು ಯಾರೂ ಕೇಳುವುದಿಲ್ಲ, ಚರಂಡಿ ಲಾಭ ತರಲಿ ಎಂದೂ ಕೇಳುವುದಿಲ್ಲ. ಕಸ ಎತ್ತುವ ಹೆಂಗಸರು ಮಾತ್ರ ಬಾಟಲಿ ಮಾರಿ ತಮ್ಮ ಸಂಬಳ ತಾವೇ ದುಡಿದುಕೊಳ್ಳಬೇಕು. ಬೆಲೆಯಿಲ್ಲದ ಕಸವನ್ನೂ ಎತ್ತಬೇಕು ಎನ್ನುವುದಾದರೆ ಅದರ ಖರ್ಚು ಪಂಚಾಯಿತಿಯದು. ಇಲ್ಲದಿದ್ದರೆ ಗುಜರಿಯವನ ಹಾಗೆ ಬೆಲೆ ಬರುವುದನ್ನಷ್ಟೇ ಎತ್ತುವ ಸ್ವಾತಂತ್ರ್ಯವನ್ನೂ ಅವರಿಗೆ ಕೊಡಬೇಕು. ಎರಡೂ ಇಲ್ಲದ ಒಡಂಬಡಿಕೆ ಪಾಲುದಾರಿಕೆಯಲ್ಲ, ಅಗ್ಗದ ಗುತ್ತಿಗೆ.

ಪುಣೆಯ 'ಸ್ವಚ್ಛ್' ಸಹಕಾರಿಯನ್ನು ಇಲ್ಲಿ ನೆನೆಯಬಹುದು. ಚಿಂದಿ ಆಯುವವರೇ ಸದಸ್ಯರಾಗಿರುವ ಆ ಸಂಸ್ಥೆ 2008ರಲ್ಲಿ ಪುಣೆ ಮಹಾನಗರಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡಿತು. ಅಲ್ಲಿ ಮನೆಯವರು ಶುಲ್ಕವನ್ನು ಕಸ ಎತ್ತುವವರ ಕೈಗೇ ಕೊಡುತ್ತಾರೆ, ಮಾರಾಟದ ದುಡ್ಡೂ ಅವರದೇ. ದಟ್ಟವಾದ ನಗರದಲ್ಲಿ ಒಬ್ಬರಿಗೆ ನೂರಾರು ಮನೆ ಕಾಲ್ನಡಿಗೆಯಲ್ಲೇ ಸಿಗುವುದರಿಂದ ಅದು ನಡೆಯುತ್ತದೆ. ನಮ್ಮ ಕರಾವಳಿಯಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ತೋಟ, ತೋಡು ದಾಟಬೇಕು. ಅಲ್ಲಿಯ ಮಾದರಿಯನ್ನು ಇಲ್ಲಿಗೆ ಹಾಗೇ ಎತ್ತಿ ತಂದರೆ ಡೀಸೆಲ್ ಲೆಕ್ಕವೇ ಅದನ್ನು ನುಂಗುತ್ತದೆ. ಆದರೆ ಕಲಿಯಬೇಕಾದ ಒಂದು ಅಂಶವಿದೆ: ದುಡ್ಡು ಕೊಡುವ ಮನೆಗೂ ದುಡಿಯುವ ಕೈಗೂ ನಡುವೆ ಮೇಜುಗಳು ಕಡಿಮೆ. ನಮ್ಮಲ್ಲಿ ಶುಲ್ಕ ವಸೂಲಿ ಬಿಲ್ ಕಲೆಕ್ಟರ್‌ದೋ ಚಾಲಕಿಯದೋ ಎಂಬುದೇ ಎಷ್ಟೋ ಕಡೆ ತೀರ್ಮಾನವಾಗಿರುವುದಿಲ್ಲ. ಮನೆ ಕಂದಾಯದ ಜೊತೆಗೇ ವರ್ಷದ 360 ರೂಪಾಯಿ ಕಟ್ಟಿಸಿಕೊಂಡು, ತಿಂಗಳ ಮೊದಲ ವಾರ ಒಕ್ಕೂಟದ ಖಾತೆಗೆ ಹಾಕುವುದು ಎಲ್ಲಕ್ಕಿಂತ ಸಲೀಸು.

ಶೆಡ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಾಳಿ, ಬೆಳಕು, ನೀರಿನ ನಲ್ಲಿ, ಶೌಚಾಲಯ, ಬೆಂಕಿ ಆರಿಸುವ ಸಿಲಿಂಡರು ಇರಬೇಕು. ವಿಂಗಡಿಸಲು ಸೊಂಟದೆತ್ತರದ ಮೇಜು ಬೇಕು, ನೆಲದಲ್ಲಿ ಕುಕ್ಕುರುಗಾಲಲ್ಲಿ ಕೂತು ಮಾಡುವ ಕೆಲಸವಲ್ಲ ಅದು. ಉದ್ಘಾಟನೆಯ ಕಲ್ಲು ಗ್ರಾನೈಟಿನದು, ಶೌಚಾಲಯಕ್ಕೆ ನೀರಿಲ್ಲ ಎಂಬ ಶೆಡ್ಡುಗಳನ್ನು ಹುಡುಕಲು ಕಷ್ಟಪಡಬೇಕಿಲ್ಲ.

ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳು ಒಂದೇ ಶೆಡ್ಡಿನಲ್ಲಿ ಸಾಕಷ್ಟು ಸರಕು ಸೇರದ ಸಮಸ್ಯೆಗೆ ಒಂದು ಒಳ್ಳೆಯ ಉತ್ತರ ಕಂಡುಕೊಂಡಿವೆ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ, ಮಂಗಳೂರು ತಾಲ್ಲೂಕಿನ ತೆಂಕ ಎಡಪದವಿನಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಎಂಆರ್‌ಎಫ್ ಘಟಕಗಳು, ಅಂದರೆ ಒಣಕಸ ವಿಂಗಡಿಸಿ ಮರುಬಳಕೆಗೆ ಕಳಿಸುವ ದೊಡ್ಡ ಕೇಂದ್ರಗಳು ಇವೆ. ಸುತ್ತಲಿನ ಹತ್ತಾರು ಪಂಚಾಯಿತಿಗಳ ಒಣಕಸ ಅಲ್ಲಿಗೆ ಹೋಗುತ್ತದೆ. ಚಲಿಸುವ ಬೆಲ್ಟಿನ ಎರಡೂ ಬದಿ ನಿಂತು ಜಾತಿವಾರು ಬೇರ್ಪಡಿಸುತ್ತಾರೆ, ಬೇಲಿಂಗ್ ಯಂತ್ರ ಅದನ್ನು ಒತ್ತಿ ಕಟ್ಟುತ್ತದೆ. ಯಂತ್ರದ ಮಹತ್ವ ಇರುವುದು ಲಾರಿಯಲ್ಲಿ. ಸಡಿಲ ಪ್ಲಾಸ್ಟಿಕ್ ತುಂಬಿದ ಲಾರಿ ಗಾಳಿಗೆ ಬಾಡಿಗೆ ಕೊಟ್ಟ ಹಾಗೆ. ಬೇಲ್ ಕಟ್ಟಿದರೆ ಅದೇ ಲಾರಿ ಹಲವು ಪಟ್ಟು ತೂಕ ಹೊರುತ್ತದೆ. ಒಂದೇ ಊರಿಗೆ ಟೆಟ್ರಾ ಪ್ಯಾಕ್ ಟನ್ ಆಗಲು ವರ್ಷ ಬೇಕು, ಹತ್ತಾರು ಊರಿಗೆ ಹೆಚ್ಚು ದಿನ ಬೇಡ. ಹೊಳೆಯುವ ಪೊಟ್ಟಣಗಳಿಗೂ ಸಿಮೆಂಟ್ ಕಾರ್ಖಾನೆಯವರೊಡನೆ ಒಟ್ಟಾಗಿ ಮಾತಾಡಬಹುದು.

ಇಂಥ ಘಟಕ ಹತ್ತಿರವಿದ್ದರೆ ಪಂಚಾಯಿತಿ ಶೆಡ್ಡಿನಲ್ಲಿ ಇಪ್ಪತ್ತು ಬಗೆಯ ವಿಂಗಡಣೆ ಮಾಡುವ ಹಠ ಬಿಡಬೇಕು. ಹಸಿ, ಗಾಜು, ಪ್ಯಾಡು-ಡೈಪರ್ ತೆಗೆದುಬಿಟ್ಟು, ಉಳಿದದ್ದನ್ನು ಒಣಗಿದ್ದಾಗಲೇ ಚೀಲ ಕಟ್ಟಿ, ತೂಗಿ, ಕಳಿಸಿದರೆ ಆಯಿತು. ಇಲ್ಲಿ ಎರಡು ಎಚ್ಚರಿಕೆ. ಬೆಲೆ ಬರುವ ಬಾಟಲಿ, ರಟ್ಟನ್ನು ಊರಿನಲ್ಲೇ ಗುಜರಿಗೆ ಮಾರಿ, ಬರೀ ಜೊಳ್ಳನ್ನು ಎಂಆರ್‌ಎಫ್‌ಗೆ ದಬ್ಬಿದರೆ ಆ ಘಟಕ ಹೆಚ್ಚು ದಿನ ಬಾಳುವುದಿಲ್ಲ. ಇನ್ನೊಂದು ಕಡೆಯಿಂದ, ಎಲ್ಲವನ್ನೂ ಪುಕ್ಕಟೆ ಕೊಟ್ಟರೆ ಮೇಲಿನ ಲೆಕ್ಕದ 4,800 ಒಕ್ಕೂಟಕ್ಕೆ ಇಲ್ಲವಾಗುತ್ತದೆ. ಆಗ ಪಂಚಾಯಿತಿ ತುಂಬಬೇಕಾದ ಕೊರತೆ ಒಳ್ಳೆಯ ತಿಂಗಳಲ್ಲೂ 8,400. ಘಟಕದೊಡನೆ ದರ ಮಾತಾಡುವಾಗ ಮೇಜಿನ ಮುಂದೆ ಪಿಡಿಒ ಒಬ್ಬರೇ ಕೂರುವುದು ವಾಡಿಕೆ, ಒಕ್ಕೂಟದ ಅಧ್ಯಕ್ಷೆಗೂ ಒಂದು ಕುರ್ಚಿ ಬೇಕು.

ಉಡುಪಿ ಜಿಲ್ಲೆಯ ವಂಡ್ಸೆ ಪಂಚಾಯಿತಿ ಈ ಗಾಡಿ, ಒಕ್ಕೂಟಗಳ ಕಾಲಕ್ಕೂ ಮುಂಚೆಯೇ ಕಸ ವಿಂಗಡಣೆಯಲ್ಲಿ ಹೆಸರು ಮಾಡಿತ್ತು. ದೂರದೂರದ ಪಂಚಾಯಿತಿಯವರು ನೋಡಲು ಹೋಗುತ್ತಿದ್ದರು. ಅಂಥ ಪ್ರವಾಸದಿಂದ ಬಂದವರು ಬುಟ್ಟಿಯ ಬಣ್ಣ, ಶೆಡ್ಡಿನ ಅಳತೆಯನ್ನು ನಕಲು ಮಾಡುತ್ತಾರೆ. ಸಂಬಳ ಯಾವ ತಾರೀಕಿಗೆ ಆಗುತ್ತದೆ ಎಂದು ಕೇಳಿಕೊಂಡು ಬರುವವರು ಕಡಿಮೆ.

ಒಡಂಬಡಿಕೆ ಬರೆಯುತ್ತಿರುವವರಿಗೆ ನಮ್ಮ ಸಲಹೆ ಇಷ್ಟು. ಸಂಬಳದ ತಾರೀಕು ಬರೆಯಿರಿ, ಶುಲ್ಕ ಬಂದರೂ ಬರದಿದ್ದರೂ ಆ ದಿನ ಸಂಬಳ ಆಗಬೇಕು ಎಂದು ಸೇರಿಸಿ. ಕೊರತೆಯನ್ನು ಯಾವ ಅನುದಾನದಿಂದ ತುಂಬುವುದು ಎಂದು ಹೆಸರಿಸಿ. ಇನ್ಶೂರೆನ್ಸ್, ಎಫ್‌ಸಿ, ಟೈರು ಪಂಚಾಯಿತಿಯದು, ಡೀಸೆಲ್ ಮತ್ತು ಸಣ್ಣ ರಿಪೇರಿ ಒಕ್ಕೂಟದ್ದು ಎಂದು ಗೆರೆ ಎಳೆಯಿರಿ. ಮಾರಾಟವಾಗದ ಕಸ ಶೆಡ್ಡಿನಲ್ಲಿ ಮೂವತ್ತು ದಿನ ದಾಟಿದರೆ ಸಾಗಿಸುವ ಖರ್ಚು ಪಂಚಾಯಿತಿಯದು ಎಂಬ ಸಾಲು ಇರಲಿ. ಈ ಕೊನೆಯ ಸಾಲು ಇಲ್ಲದ ಕಡೆ ಶೆಡ್ಡಿನ ಹಿಂದೆ ರಾತ್ರಿ ಹೊಗೆ ಏಳುತ್ತದೆ. ಒಪ್ಪಂದದ ಅವಧಿಯೂ ಹನ್ನೊಂದು ತಿಂಗಳಲ್ಲ, ಮೂರು ವರ್ಷ. ಮುಂದಿನ ಯುಗಾದಿಗೆ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದವರು ಡ್ರೈವಿಂಗ್ ಕಲಿಯಲು ಒಂದು ತಿಂಗಳು ಯಾಕೆ ಕೊಟ್ಟಾರು?

ನಿಮ್ಮ ಊರಿನ ಸೇವೆ ಎಷ್ಟು ಅಂಕಕ್ಕೆ ಯೋಗ್ಯ ಎಂದು ತಿಳಿಯಬೇಕಾದರೆ ಗಾಡಿಯ ಬಣ್ಣ ನೋಡಬೇಡಿ. ಮುಂದಿನ ಗ್ರಾಮಸಭೆಯಲ್ಲಿ ಎರಡು ಕಾಗದ ಕೇಳಿ: ಕಳೆದ ಮೂರು ತಿಂಗಳಲ್ಲಿ ಶೆಡ್ಡಿನಿಂದ ಹೊರಗೆ ಹೋದ ಸರಕಿನ ತೂಕದ ಚೀಟಿ, ಮತ್ತು ಅದೇ ಮೂರು ತಿಂಗಳ ಸಂಬಳ ಜಮೆಯಾದ ಪಾಸ್‌ಬುಕ್ಕಿನ ಪುಟ. ತೂಕದ ಚೀಟಿ ಇದ್ದು ಪಾಸ್‌ಬುಕ್ ಖಾಲಿಯಿದ್ದರೆ ಹೆಂಗಸರು ಬಿಟ್ಟಿ ದುಡಿಯುತ್ತಿದ್ದಾರೆ. ಪಾಸ್‌ಬುಕ್ ತುಂಬಿದ್ದು ತೂಕದ ಚೀಟಿ ಇಲ್ಲದಿದ್ದರೆ ಕಸ ಎಲ್ಲಿಗೆ ಹೋಯಿತು ಎಂದು ಶೆಡ್ಡಿನ ಹಿಂದಕ್ಕೆ ಒಮ್ಮೆ ನಡೆದು ನೋಡಿ.